ಮೈಕ್ರೋಟೀಚಿಂಗ್‌ನಲ್ಲಿ ಎರಡನೇ ಆರು ನಿಮಿಷ ಎಲ್ಲಿ ಹೋಯಿತು?

ಪ್ರಶ್ನೆ: ಈ ವರ್ಷ ಒಂದು ಬಿ.ಎಡ್. ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದ್ದೇನೆ. ಮೈಕ್ರೋಟೀಚಿಂಗ್, ಅಂದರೆ ಕೆಲವೇ ಜನರ ಮುಂದೆ ಕೆಲವೇ ನಿಮಿಷದ ಪಾಠ ಮಾಡಿ ಒಂದೊಂದೇ ಬೋಧನಾ ಕೌಶಲ ಕಲಿಯುವ ಅಭ್ಯಾಸ, ಅದರ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. 50 ಪ್ರಶಿಕ್ಷಣಾರ್ಥಿಗಳು, ನಾವು ಮೂವರು ಉಪನ್ಯಾಸಕರು, ಎರಡು ಕೋಣೆ, ಎರಡು ವಾರದ ಮಧ್ಯಾಹ್ನಗಳು. ನಾನು ಬಿ.ಎಡ್. ಓದುವಾಗ ಇದು ನಾಟಕದ ಹಾಗಿತ್ತು. ಗೆಳತಿಯರೇ ಎಂಟನೇ ಕ್ಲಾಸಿನ ಮಕ್ಕಳಾಗಿ ಕೂರುತ್ತಿದ್ದರು. ಎಲ್ಲ ಪ್ರಶ್ನೆಗೂ ಸರಿಯುತ್ತರ ಹೇಳುತ್ತಿದ್ದರು. ಕೊನೆಗೆ ‘ಚೆನ್ನಾಗಿತ್ತು’ ಅನ್ನುತ್ತಿದ್ದರು. ಆಮೇಲೆ ರೆಕಾರ್ಡ್ ಬರೆಯುವುದೇ ದೊಡ್ಡ ಕೆಲಸ. ಇದರಿಂದ ನಿಜವಾಗಿಯೂ ಉಪಯೋಗ ಇದೆಯಾ? ಇದ್ದರೆ ಇಷ್ಟು ಜನರಿಗೆ ಇಷ್ಟು ಸಮಯದಲ್ಲಿ ಮಾಡಿಸುವುದು ಹೇಗೆ? ಎಷ್ಟು ಕೌಶಲ ತೆಗೆದುಕೊಳ್ಳಲಿ? ಅಂಕ ಹೇಗೆ ಕೊಡಲಿ?

ಉತ್ತರ: ಉಪಯೋಗ ಇದೆ ಮೇಡಂ. ಆದರೆ ನೀವು ಬಿ.ಎಡ್.ನಲ್ಲಿ ಮಾಡಿದ್ದು ಅರ್ಧ ಮೈಕ್ರೋಟೀಚಿಂಗ್ ಅಷ್ಟೇ ಅಂತ ಪ್ರಶ್ನೆ ಓದಿದಾಗ ನನಗೆ ಅನ್ನಿಸಿತು. ಪಾಠ ಮಾಡಿದಿರಿ, ಗೆಳತಿಯರು ಚೆನ್ನಾಗಿತ್ತು ಅಂದರು, ಅಲ್ಲಿಗೆ ಮುಗಿಯಿತು. ಅದೇ ಪಾಠವನ್ನು ತಿದ್ದಿಕೊಂಡು ಇನ್ನೊಮ್ಮೆ ಮಾಡಿದಿರಾ? ಆ ಮಾತೇ ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಸಮಯ ಸಾಲದೆ ಹೋದಾಗ ಎಷ್ಟೋ ಕಡೆ ಮೊದಲು ಕತ್ತರಿ ಬೀಳುವುದು ಈ ಮರುಬೋಧನೆಗೇ. ರೆಕಾರ್ಡಿನಲ್ಲಿ ಮಾತ್ರ ಅದು ತಪ್ಪದೆ ಇರುತ್ತದೆ, ಅಂದವಾಗಿ, ಕೆಂಪು ಶಾಯಿಯ ಗೆರೆ ಸಮೇತ!

ಕೌಶಲ ಕಡಿಮೆ ಮಾಡಿ, ರೆಕಾರ್ಡ್ ಕಡಿಮೆ ಮಾಡಿ, ಉದ್ದದ ಪೀಠಿಕೆ ಕೈಬಿಡಿ. ಮರುಬೋಧನೆಯನ್ನು ಮಾತ್ರ ಬಿಡಬೇಡಿ. ಮೊದಲ ಸಲ ಪಾಠ ಮಾಡಿದಾಗ ತನಗೆ ಏನು ಬರುವುದಿಲ್ಲ ಅಂತ ಗೊತ್ತಾಗುತ್ತದೆ. ಅದನ್ನು ಕಲಿಯುವುದಕ್ಕೆ ಎರಡನೇ ಸಲ ನಿಲ್ಲಲೇಬೇಕು. ಎರಡನೇ ಸಲ ಇಲ್ಲದಿದ್ದರೆ ಉಳಿಯುವುದು ಬರೀ ಮುಜುಗರ.

ಇದು ನಾಟಕ ಆಗಿದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಜೊತೆಯವರು ಇದನ್ನು ಶುರು ಮಾಡಿದರು. ಹೊಸ ಶಿಕ್ಷಕರನ್ನು ಏಕಾಏಕಿ ತುಂಬಿದ ತರಗತಿಗೆ ಕಳಿಸಿದರೆ ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಗದ್ದಲ, ಬೋರ್ಡು, ಪ್ರಶ್ನೆ, ಸಮಯ, ಪಠ್ಯ. ಹಾಗಾಗಿ ಎಲ್ಲವನ್ನೂ ಚಿಕ್ಕದು ಮಾಡಿದರು. 5 ನಿಮಿಷದ ಪಾಠ, ನಾಲ್ಕೈದು ಮಕ್ಕಳು, ಒಂದೇ ಕೌಶಲ. ಕೂತವರು ನಿಜವಾದ ಹೈಸ್ಕೂಲ್ ಮಕ್ಕಳು. ಪಾಠವನ್ನು ಆಗ ಹೊಸದಾಗಿ ಬಂದಿದ್ದ ವಿಡಿಯೋ ಟೇಪಿಗೆ ಹಿಡಿದು ಶಿಕ್ಷಕರಿಗೇ ತೋರಿಸುತ್ತಿದ್ದರು. ತಿದ್ದಿಕೊಂಡ ಮೇಲೆ ಬೇರೆ ನಾಲ್ಕೈದು ಮಕ್ಕಳಿಗೆ ಅದೇ ಪಾಠ ಮತ್ತೆ.

ನಮ್ಮ ದೇಶದಲ್ಲಿ 1967ರಲ್ಲಿ ಅಲಹಾಬಾದಿನಲ್ಲಿ ಡಿ.ಡಿ. ತಿವಾರಿ ಇದನ್ನು ಮೊದಲು ಪ್ರಯತ್ನಿಸಿದರು. 1970ರ ದಶಕದಲ್ಲಿ ಬರೋಡದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಬಿ.ಕೆ. ಪಾಸ್ಸಿ ಮತ್ತು ಜೊತೆಗಾರರು, ಹಾಗೆಯೇ ಎನ್‌ಸಿಇಆರ್‌ಟಿಯವರು ಇಲ್ಲಿನ ಕಾಲೇಜುಗಳಿಗೆ ಹೊಂದುವಂತೆ ಬದಲಿಸಿದರು. ಕ್ಯಾಮೆರಾ ಕೊಳ್ಳುವ ಶಕ್ತಿ ಕಾಲೇಜುಗಳಿಗೆ ಇರಲಿಲ್ಲ. ಹಾಗಾಗಿ ಸಹಪಾಠಿಯೇ ಕೂತು, ಆ ಕೌಶಲ ಪಾಠದಲ್ಲಿ ಎಷ್ಟು ಸಲ ಬಂತು ಅಂತ ಹಾಳೆಯ ಮೇಲೆ ಗೀಟು ಹಾಕಿ ಎಣಿಸುವ ಪದ್ಧತಿ ಬಂತು. ದಿನಾ ಮಕ್ಕಳನ್ನು ಕರೆತರುವುದು ಕಷ್ಟ. ಹಾಗಾಗಿ ಸಹಪಾಠಿಗಳೇ ಮಕ್ಕಳಾದರು. ಸಮಯವೂ ನಿಗದಿಯಾಯಿತು. ಬೋಧನೆ 6 ನಿಮಿಷ, ಹಿಮ್ಮಾಹಿತಿ (ಪಾಠ ಹೇಗಿತ್ತು ಅಂತ ನೋಡಿದವರು ಹೇಳುವುದು) 6, ಮರುಯೋಜನೆ 12, ಮರುಬೋಧನೆ 6, ಮರು ಹಿಮ್ಮಾಹಿತಿ 6. ಒಟ್ಟು 36 ನಿಮಿಷದ ಒಂದು ಸುತ್ತು.

ಬಡ ದೇಶದ ಜಾಣತನ ಇದು. ನಾನಂತೂ ಇದನ್ನು ಮೆಚ್ಚುತ್ತೇನೆ. ಆದರೆ ಎರಡು ಕಡೆ ತೂತು ಉಳಿಯಿತು. ನಿಜವಾದ ಮಕ್ಕಳಿಲ್ಲ, ಆದ್ದರಿಂದ ತಪ್ಪು ಉತ್ತರ ಬರುವುದಿಲ್ಲ. ಕ್ಯಾಮೆರಾ ಇಲ್ಲ, ಆದ್ದರಿಂದ ಹಿಮ್ಮಾಹಿತಿ ಗೆಳೆತನದ ಮೇಲೆ ನಿಂತಿತು. ನೀವು ಬರೆದಿರುವ ದೂರು ಸರಿಯಾಗಿ ಈ ಎರಡರ ಬಗ್ಗೆಯೇ ಇದೆ. ಈಗ ಎರಡನ್ನೂ ಮುಚ್ಚಬಹುದು, ಜಾಸ್ತಿ ಖರ್ಚೂ ಇಲ್ಲ.

ಮೊದಲು ತಪ್ಪು ಉತ್ತರದ ವಿಷಯ. ಯಾಕೆಂದರೆ ಇದೇ ದೊಡ್ಡದು.

2009ರಲ್ಲಿ ಪ್ಯಾಮ್ ಗ್ರಾಸ್‌ಮನ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಮೂರು ವೃತ್ತಿಗಳ ತರಬೇತಿಯನ್ನು ಹೋಲಿಸಿ ನೋಡಿದರು. ಶಿಕ್ಷಕರು, ಧರ್ಮಗುರುಗಳು, ಚಿಕಿತ್ಸೆ ಕೊಡುವ ಮನಃಶಾಸ್ತ್ರಜ್ಞರು. ಎದುರಿಗಿರುವವರು ಏನು ಹೇಳುತ್ತಾರೋ ಅದಕ್ಕೆ ಆ ಕ್ಷಣದಲ್ಲೇ ಪ್ರತಿಕ್ರಿಯೆ ಕೊಡುವ ಅಭ್ಯಾಸ ಮೂವರಲ್ಲಿ ಕಡಿಮೆ ಸಿಗುತ್ತಿದ್ದುದು ಶಿಕ್ಷಕರಿಗೆ. ಪಾಠಯೋಜನೆ ಬರೆಯುವುದು, ಸಾಮಗ್ರಿ ತಯಾರಿಸುವುದು ಇವೆಲ್ಲ ಬೇಕಾದಷ್ಟು. ಮಗು ಅನಿರೀಕ್ಷಿತವಾಗಿ ಏನೋ ಹೇಳಿದಾಗ ಏನು ಮಾಡಬೇಕು ಅನ್ನುವುದರ ಅಭ್ಯಾಸ ಕಡಿಮೆ. ನಮ್ಮ ಕಾಲೇಜುಗಳ ಚಿತ್ರವೂ ಇದಕ್ಕಿಂತ ಬೇರೆ ಅಂತ ನನಗೆ ಅನ್ನಿಸುವುದಿಲ್ಲ. ಸರಿಯುತ್ತರವನ್ನೇ ಹೇಳುವ ಗೆಳತಿಯರ ಮುಂದೆ ಈ ಅಭ್ಯಾಸ ಆಗುವುದೂ ಇಲ್ಲ.

ಅದಕ್ಕೆ ಚೀಟಿ ಮಾಡಿ. ಪ್ರತಿ ಪಾಠಕ್ಕೂ ‘ಮಕ್ಕಳಾಗಿ’ ಕೂರುವ ಇಬ್ಬರಿಗೆ ಒಂದೊಂದು ಚೀಟಿ. ಅದರಲ್ಲಿ ಮಕ್ಕಳು ನಿಜವಾಗಿ ಮಾಡುವ ಒಂದು ತಪ್ಪು, ಅದರ ಹಿಂದಿನ ಕಾರಣದ ಜೊತೆ ಇರಬೇಕು. ‘0.35 ದೊಡ್ಡದು, 0.5 ಚಿಕ್ಕದು, ಯಾಕೆಂದರೆ 35 ಐದಕ್ಕಿಂತ ದೊಡ್ಡದು.’ ‘ಗಿಡ ಮಣ್ಣಿನಿಂದ ಊಟ ತಗೊಳುತ್ತೆ.’ ‘ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ.’ (ಭೂಮಿ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಜನವರಿ ಮೊದಲ ವಾರದ ಆಸುಪಾಸು. ಇದನ್ನು ಕೇಳಿ ಪ್ರಶಿಕ್ಷಣಾರ್ಥಿಗಳೇ ಬೆಚ್ಚಿದರೆ ಆಶ್ಚರ್ಯ ಪಡಬೇಡಿ.) ಕನ್ನಡ ಪಾಠಕ್ಕೆ ‘ಮಹೋತ್ಸವ ಸವರ್ಣದೀರ್ಘ ಸಂಧಿ, ಯಾಕೆಂದರೆ ಹೋ ದೀರ್ಘ ಇದೆ.’ ಇಂಥ ತಪ್ಪುಗಳನ್ನು ನೀವು ಕೂತು ಕಲ್ಪಿಸಿಕೊಳ್ಳಬೇಕಿಲ್ಲ. ಹತ್ತಿರದ ಹೈಸ್ಕೂಲಿನಲ್ಲಿ ಮಕ್ಕಳ ನೋಟ್ಸು, ಕಿರುಪರೀಕ್ಷೆಯ ಪೇಪರು ನೋಡಲು ಪ್ರಶಿಕ್ಷಣಾರ್ಥಿಗಳನ್ನೇ ಒಂದು ದಿನ ಕಳಿಸಿ. ಹೆಸರು ಬೇಡ, ತಪ್ಪು ಮಾತ್ರ ಬರೆದುಕೊಂಡು ಬರಲಿ. ಆ ಒಂದು ದಿನವೇ ಅವರಿಗೆ ಅರ್ಧ ಪಾಠ.

ಚೀಟಿ ಸಿಕ್ಕವರಿಗೆ ಒಂದು ನಿಯಮ. ತಮಾಷೆ ಮಾಡಬಾರದು. ಕೋತಿಚೇಷ್ಟೆ ಮಾಡುವ ಮಗುವಿನ ಪಾತ್ರ ಬೇಡವೇ ಬೇಡ, ಅದು ಪಾಠವನ್ನು ನುಂಗಿಹಾಕುತ್ತದೆ. ಚೀಟಿಯ ತಪ್ಪನ್ನು ನಂಬಿದ ಮಗುವಿನ ಹಾಗೆ ಮಾತಾಡಬೇಕು. ಟೀಚರ್ ಸುಮ್ನೆ ‘ತಪ್ಪು’ ಅಂದರೆ ಒಪ್ಪಿಕೊಂಡು ಸುಮ್ಮನಾಗಬೇಕು. ಮಕ್ಕಳು ಮಾಡುವುದೂ ಅದನ್ನೇ. ಕಾರಣ ಕೇಳಿದರೆ ಮಾತ್ರ ಕಾರಣ ಹೇಳಬೇಕು.

ಈಗ ನೋಡಿ, ಇದರಿಂದ ಏನು ಬದಲಾಗುತ್ತದೆ ಅಂತ. ವಿಷಯ ಭಿನ್ನರಾಶಿ, ಕೌಶಲ ಆಳಕ್ಕೆ ಇಳಿಯುವ ಪ್ರಶ್ನೆಗಳು. ಪುಸ್ತಕದಲ್ಲಿ ಇದಕ್ಕೆ ಐದು ಘಟಕ ಕೊಟ್ಟಿರುತ್ತಾರೆ. ಸುಳಿವು ಕೊಡುವುದು, ಇನ್ನಷ್ಟು ಮಾಹಿತಿ ಕೇಳುವುದು, ಬೇರೆ ಸಂದರ್ಭಕ್ಕೆ ಹೊಂದಿಸುವುದು, ಅದೇ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳುವುದು, ‘ಯಾಕೆ, ಹೇಗೆ’ ಅಂತ ವಿಮರ್ಶೆಗೆ ಹಚ್ಚುವುದು. ಐದನ್ನೂ ಬಾಯಿಪಾಠ ಮಾಡಿ ಹೇಳಬಲ್ಲವರು ಪಾಠಕ್ಕೆ ನಿಂತಾಗ ಹೀಗಾಗುತ್ತದೆ:

‘1/3, 1/4 ಇದರಲ್ಲಿ ಯಾವುದು ದೊಡ್ಡದು?’
‘1/4 ಮೇಡಂ.’
‘ತಪ್ಪು. ನೀನು ಹೇಳು.’
‘1/3 ಮೇಡಂ.’
‘ವೆರಿ ಗುಡ್. 1/3 ದೊಡ್ಡದು. ಎಲ್ಲರಿಗೂ ಅರ್ಥ ಆಯ್ತಾ?’
‘ಆಯ್ತು ಮೇಡಂ.’

ಯಾರಿಗೂ ಏನೂ ಅರ್ಥ ಆಗಿಲ್ಲ. ಇನ್ನೂ ಒಂದು ವಿಷಯ ಗಮನಿಸಿ. ಎರಡೇ ಆಯ್ಕೆ ಇರುವ ಪ್ರಶ್ನೆಗೆ ಮೊದಲನೆಯವನು ತಪ್ಪು ಅಂದ ಮೇಲೆ ಎರಡನೆಯವನಿಗೆ ಗಣಿತ ಬರಬೇಕಾಗಿಯೇ ಇಲ್ಲ. ಹಾಳೆಯ ಮೇಲೆ ಮಾತ್ರ ‘ಇನ್ನೊಬ್ಬರಿಗೆ ಕೇಳುವುದು’ ಅನ್ನುವ ಕಡೆ ಒಂದು ಗೀಟು ಬಿದ್ದಿರುತ್ತದೆ!

ಹಿಮ್ಮಾಹಿತಿ ಆದ ಮೇಲೆ, ಮರುಬೋಧನೆಯಲ್ಲಿ ಅದೇ ಪ್ರಶ್ನೆ, ಅದೇ ತಪ್ಪು ಉತ್ತರ:

‘1/4 ದೊಡ್ಡದು ಅಂತ ಯಾಕೆ ಅನ್ನಿಸ್ತು?’
‘4 ಮೂರಕ್ಕಿಂತ ದೊಡ್ಡದಲ್ವಾ ಮೇಡಂ.’
‘ಸರಿ. ಒಂದು ಹೋಳಿಗೆಯನ್ನ ಮೂರು ಜನ ಸಮ ಹಂಚಿಕೊಂಡರೆ ನಿನಗೆ ಜಾಸ್ತಿ ಸಿಗುತ್ತಾ, ನಾಲ್ಕು ಜನ ಹಂಚಿಕೊಂಡರಾ?’
‘ಮೂರು ಜನ ಆದ್ರೆ.’
‘ಹಾಗಾದರೆ 1/3, 1/4 ಬಗ್ಗೆ ಈಗ ಏನು ಹೇಳ್ತೀಯಾ?’
‘1/3 ದೊಡ್ಡದು. ಕೆಳಗಿನ ಸಂಖ್ಯೆ ದೊಡ್ಡದಾದರೆ ಭಾಗ ಚಿಕ್ಕದಾಗುತ್ತೆ.’
‘ಯಾವಾಗಲೂನಾ? 1/3 ಮತ್ತು 2/4 ನೋಡಿ ಯಾರಾದರೂ ಹೇಳಿ.’

ಈ ಕೊನೆಯ ಪ್ರಶ್ನೆ ಮರುಯೋಜನೆಯ 12 ನಿಮಿಷದಲ್ಲಿ ಹುಟ್ಟುವಂಥದ್ದು. ಮೊದಲ ಪಾಠಯೋಜನೆ ಬರೆಯುವಾಗ ಇಂಥದ್ದು ಹೊಳೆಯುವುದು ಅಪರೂಪ. ಯಾಕೆಂದರೆ ಆಗ ಎದುರಿಗೆ ಮಗು ಇರುವುದಿಲ್ಲ, ಅದರ ತಪ್ಪೂ ಇರುವುದಿಲ್ಲ.

ಇದರ ಜೊತೆಗೇ ಕಾಯುವ ಅಭ್ಯಾಸ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಮೂರು ಸೆಕೆಂಡು ಏನು ಮಹಾ ಅನ್ನಿಸಬಹುದು. ನಿಂತು ನೋಡಿ, ಯುಗ ಕಳೆದ ಹಾಗಾಗುತ್ತದೆ. ಇದನ್ನು ಭಾಷಣ ಮಾಡಿ ಕಲಿಸಲಾಗುವುದಿಲ್ಲ. ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ನಿಲ್ಲುವುದು ಮೈಗೆ ರೂಢಿಯಾಗಬೇಕು. ಆರು ನಿಮಿಷದ ಪಾಠ ಅದಕ್ಕೆ ಹೇಳಿಮಾಡಿಸಿದ ಜಾಗ.

ಎರಡನೆಯ ತೂತು ಹಿಮ್ಮಾಹಿತಿ. ‘ವಾಯ್ಸ್ ಚೆನ್ನಾಗಿತ್ತು, ಕಾನ್ಫಿಡೆನ್ಸ್ ಇತ್ತು, ಬೋರ್ಡ್ ಇನ್ನೂ ಸ್ವಲ್ಪ ಬಳಸಬಹುದಿತ್ತು.’ ಈ ಮಾತು ಕೇಳಿದವರು ಮುಂದಿನ ಪಾಠದಲ್ಲಿ ಏನು ಬದಲಿಸಬೇಕು? ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. ಕಂಡಿದ್ದು, ಕೇಳಿದ್ದು ಮಾತ್ರ ಹೇಳುವ ಅಭ್ಯಾಸ ಮಾಡಿಸಿ. ‘ನೀವು 11 ಪ್ರಶ್ನೆ ಕೇಳಿದಿರಿ. 9ಕ್ಕೆ ಎಲ್ಲರೂ ಒಟ್ಟಿಗೆ ಉತ್ತರ ಹೇಳಿದರು. ಒಂದು ಕಡೆ ಮಾತ್ರ ಯಾಕೆ ಅಂತ ಕೇಳಿದಿರಿ.’ ಇಷ್ಟು ಸಾಕು. ಕೇಳಿದವರಿಗೆ ಬೇಜಾರಾಗುವುದಿಲ್ಲ, ಏನು ಮಾಡಬೇಕು ಅಂತಲೂ ಗೊತ್ತಾಗುತ್ತದೆ. ‘ಅಲ್ವಾ ಮಕ್ಕಳೇ?’ ‘ಹೌದು ಸಾರ್’ ಅನ್ನುವ ಸಾಮೂಹಿಕ ಉತ್ತರ ನಮ್ಮ ತರಗತಿಗಳ ಹಳೆಯ ಕಾಯಿಲೆ. ವೀಕ್ಷಣಾ ಹಾಳೆಯಲ್ಲಿ ಅದಕ್ಕೆ ಒಂದು ಕಾಲಮ್ಮು ಬೇರೆಯಾಗಿ ಇಡಿ.

ಹಿಮ್ಮಾಹಿತಿಯ ಆರು ನಿಮಿಷವನ್ನು ನಾನು ಹೀಗೆ ಹಂಚುತ್ತೇನೆ. ಮೊದಲು ಪಾಠ ಮಾಡಿದವರೇ ಒಂದು ನಿಮಿಷ ಮಾತಾಡಬೇಕು. ಆಮೇಲೆ ಗೀಟು ಹಾಕಿದವರು ಹಾಳೆ ತೋರಿಸಬೇಕು. ಆಮೇಲೆ ಚೀಟಿ ಸಿಕ್ಕವರು ‘ನನ್ನ ತಪ್ಪು ನಿಮಗೆ ಗೊತ್ತಾಯಿತಾ, ನನಗೆ ಅದು ಬಗೆಹರಿಯಿತಾ’ ಅಂತ ಹೇಳಬೇಕು. ಕೊನೆಗೆ, ಮರುಬೋಧನೆಯಲ್ಲಿ ಬದಲಿಸುವ ಸಂಗತಿ ಒಂದೇ ಒಂದು. ಹತ್ತು ಸಲಹೆ ಕೊಟ್ಟರೆ ಹತ್ತೂ ಗಾಳಿಗೆ. ಉಪನ್ಯಾಸಕರು ಇದ್ದರೆ ಅವರ ಮಾತು ಎಲ್ಲರ ಕೊನೆಗೆ ಬರಬೇಕು. ಅವರು ಮೊದಲು ಮಾತಾಡಿಬಿಟ್ಟರೆ ಉಳಿದವರು ಹೌದು ಹೌದು ಅಂತಾರೆ ಅಷ್ಟೇ.

ಎಣಿಕೆಗೂ ಒಂದು ಅಪಾಯ ಇದೆ. ಗೀಟು ಜಾಸ್ತಿ ಆದಷ್ಟೂ ಪಾಠ ಒಳ್ಳೆಯದು ಅಂತ ಪ್ರಶಿಕ್ಷಣಾರ್ಥಿಗಳು ತಿಳಿಯುತ್ತಾರೆ. ಪುನರ್ಬಲನ ಕೌಶಲದ, ಅಂದರೆ ಸರಿ ಮಾಡಿದ ಮಗುವನ್ನು ಹುರಿದುಂಬಿಸುವ ಕೌಶಲದ ಪಾಠದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆರು ನಿಮಿಷದಲ್ಲಿ ‘ವೆರಿ ಗುಡ್’ ಮಳೆಯೇ ಸುರಿಯುತ್ತದೆ. ಉಸಿರಾಡಿದ್ದಕ್ಕೂ ವೆರಿ ಗುಡ್. ಇಲ್ಲಿ ಎಣಿಸಬೇಕಾದದ್ದು ಬೇರೆ. ಮಗು ಏನು ಸರಿಯಾಗಿ ಮಾಡಿತು ಅಂತ ಹೆಸರಿಸಿ ಹೇಳಿದ ಮಾತು ಎಷ್ಟು? ‘ಎರಡೂ ಕಡೆ ಛೇದ ಸಮ ಮಾಡಿಕೊಂಡು ಆಮೇಲೆ ಹೋಲಿಸಿದೆ, ಅದು ಸರಿ’ ಅನ್ನುವ ಒಂದು ಮಾತು ಹತ್ತು ವೆರಿ ಗುಡ್‌ಗೆ ಸಮ.

ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲೂ ಇದೆ. ಫೋನನ್ನು ಡೆಸ್ಕಿನ ಮೇಲೆ ಪುಸ್ತಕಕ್ಕೆ ಒರಗಿಸಿ ಇಟ್ಟರೆ ಸಾಕು. ಆದರೆ ಪಾಠ ಮಾಡಿದವರ ಫೋನಿನಲ್ಲೇ ರೆಕಾರ್ಡ್ ಆಗಬೇಕು, ಬೇರೆಯವರ ಫೋನಿನಲ್ಲಿ ಬೇಡ. ವಾಟ್ಸಾಪ್ ಸ್ಟೇಟಸ್‌ಗೆ ಹಾಕುವಂತಿಲ್ಲ ಅನ್ನುವುದನ್ನು ಮೊದಲ ದಿನವೇ ಖಡಾಖಂಡಿತವಾಗಿ ಹೇಳಿ. ಒಬ್ಬರ ವಿಡಿಯೋ ಒಂದು ಸಲ ನಗೆಪಾಟಲಾದರೆ ಉಳಿದ 49 ಜನ ಅಲ್ಲಿಂದ ಮುಂದೆ ಎಚ್ಚರಿಕೆಯ ಪಾಠ ಮಾತ್ರ ಮಾಡುತ್ತಾರೆ. ವಿಡಿಯೋ ಇಡೀ ನೋಡಲು ಸಮಯವೂ ಇಲ್ಲ. ಚೀಟಿಯ ತಪ್ಪು ಉತ್ತರ ಬಂದ ಜಾಗದಿಂದ ಒಂದು ನಿಮಿಷ ನೋಡಲಿ. ಉಳಿದದ್ದನ್ನು ಮನೆಯಲ್ಲಿ ಒಬ್ಬರೇ ನೋಡಿಕೊಳ್ಳಲಿ. ತಮ್ಮ ದನಿ ತಾವೇ ಕೇಳುವ ಮೊದಲ ಸಲದ ಸಂಕಟ ಎಲ್ಲರಿಗೂ ಇರುತ್ತದೆ, ಅದು ಒಬ್ಬರೇ ಇದ್ದಾಗ ಕಳೆದುಹೋಗಲಿ.

ಇನ್ನು ನಿಮ್ಮ ಗಣಿತಕ್ಕೆ ಬರೋಣ. 50 ಜನ, ಒಬ್ಬೊಬ್ಬರಿಗೆ 36 ನಿಮಿಷ ಅಂದರೆ ಒಂದು ಕೌಶಲಕ್ಕೇ 30 ಗಂಟೆ. ಇದನ್ನು ನೋಡಿದ ಕೂಡಲೇ ಮರುಬೋಧನೆಗೆ ಕತ್ತರಿ ಹಾಕುವ ಯೋಚನೆ ಬರುತ್ತದೆ. ಆದರೆ ಆ ವೇಳಾಪಟ್ಟಿಯಲ್ಲೇ ಒಂದು ಅನುಕೂಲ ಅಡಗಿದೆ. ಮರುಯೋಜನೆಗೆ 12 ನಿಮಿಷ. ಬೋಧನೆ ಮತ್ತು ಹಿಮ್ಮಾಹಿತಿ ಸೇರಿದರೂ 12 ನಿಮಿಷ. ಅಂದರೆ ಇಬ್ಬರನ್ನು ಜೋಡಿ ಮಾಡಿದರೆ ಒಬ್ಬರು ಮೂಲೆಯಲ್ಲಿ ಕೂತು ತಿದ್ದಿಕೊಳ್ಳುವಾಗ ಇನ್ನೊಬ್ಬರ ಪಾಠ ನಡೆಯುತ್ತದೆ. ಮೊದಲು ಒಬ್ಬರ ಬೋಧನೆ, ಆಮೇಲೆ ಎರಡನೆಯವರ ಬೋಧನೆ, ಮತ್ತೆ ಮೊದಲನೆಯವರ ಮರುಬೋಧನೆ, ಮತ್ತೆ ಎರಡನೆಯವರದು. ನಾಲ್ಕು ಸಲ 12, ಒಟ್ಟು 48 ನಿಮಿಷದಲ್ಲಿ ಇಬ್ಬರ ಪೂರ್ತಿ ಸುತ್ತು ಮುಗಿಯುತ್ತದೆ. ಒಂದು ನಿಮಿಷವೂ ಪೋಲಾಗುವುದಿಲ್ಲ.

50 ಜನರನ್ನು ಆರು ಗುಂಪು ಮಾಡಿ. ನಾಲ್ಕು ಗುಂಪಿನಲ್ಲಿ 8, ಎರಡರಲ್ಲಿ 9. ಎಂಟು ಜನರ ಗುಂಪು ಅಂದರೆ ನಾಲ್ಕು ಜೋಡಿ, 192 ನಿಮಿಷ. ಮಧ್ಯಾಹ್ನಕ್ಕೆ ಎರಡು ಗಂಟೆ ಸಿಕ್ಕರೂ ದಿನಕ್ಕೆ ಎರಡು ಜೋಡಿಯಂತೆ ಎರಡು ಮಧ್ಯಾಹ್ನದಲ್ಲಿ ಒಂದು ಕೌಶಲ ಎಲ್ಲರಿಗೂ ಆಗಿಹೋಗುತ್ತದೆ. ಒಂಬತ್ತು ಜನರ ಗುಂಪಿನಲ್ಲಿ ಒಂದು ಜೋಡಿಯ ಬದಲು ಮೂವರು ಇರಲಿ. ಅವರಿಗೆ 72 ನಿಮಿಷ ಬೇಕು, ಎರಡನೇ ದಿನ ಒಂದು ಜೋಡಿ ಮತ್ತು ಈ ಮೂವರು ಸೇರಿ ಸರಿಯಾಗಿ ಎರಡು ಗಂಟೆ.

ಗುಂಪಿನ ಎಂಟು ಜನರಲ್ಲಿ ಒಬ್ಬರು ಪಾಠ ಮಾಡುತ್ತಾರೆ, ಒಬ್ಬರು ಮರುಯೋಜನೆಯಲ್ಲಿ, ಒಬ್ಬರು ಗೀಟು ಹಾಕಲು, ಒಬ್ಬರು ಸಮಯ ಮತ್ತು ಫೋನು ನೋಡಲು. ಉಳಿದ ನಾಲ್ವರು ಮಕ್ಕಳು. ನಮ್ಮ ಪುಸ್ತಕಗಳು 5ರಿಂದ 10 ಮಕ್ಕಳು ಅನ್ನುತ್ತವೆ, ನಾಲ್ಕಕ್ಕೂ ನಡೆಯುತ್ತದೆ. ಎರಡೇ ಕೋಣೆ ಅಂತ ಚಿಂತೆ ಮಾಡಬೇಡಿ. ಒಂದೊಂದು ಕೋಣೆಯಲ್ಲಿ ಎರಡು ಗುಂಪು ಎದುರುಬದುರು ಗೋಡೆಗೆ, ಇನ್ನೊಂದು ವರಾಂಡಾದಲ್ಲಿ, ಮತ್ತೊಂದು ಲ್ಯಾಬಿನಲ್ಲೋ ಮರದ ಕೆಳಗೋ. ಬೋರ್ಡು ಬೇಕಾದ ಪಾಠಕ್ಕೆ ಸುರುಳಿ ಹಲಗೆ ಸಾಕು. ನಿಮ್ಮ ಮೂವರಿಗೆ ತಲಾ ಎರಡು ಗುಂಪು. ಗುಂಪಿನಿಂದ ಗುಂಪಿಗೆ ಓಡಾಡುತ್ತಾ ಪ್ರತಿ ಪಾಠದಲ್ಲೂ ಐದು ನಿಮಿಷ ತಲೆಹಾಕುವ ಬದಲು ಒಂದು ಕಡೆ ಕೂತು ಒಬ್ಬರ ಬೋಧನೆ, ಮರುಬೋಧನೆ ಎರಡನ್ನೂ ನೋಡಿ. ಅರ್ಧಂಬರ್ಧ ನೋಡಿದವರ ಹಿಮ್ಮಾಹಿತಿಗೆ ಬೆಲೆ ಇರುವುದಿಲ್ಲ.

ಎರಡು ವಾರಕ್ಕೆ ಹತ್ತು ಮಧ್ಯಾಹ್ನ ಅಂತ ಇಟ್ಟುಕೊಳ್ಳಿ. ಮೊದಲ ದಿನ ನೀವೇ ಪಾಠ ಮಾಡಿ ತೋರಿಸಿ. ಪೂರ್ತಿ ಸುತ್ತು, ಹಿಮ್ಮಾಹಿತಿ ಪ್ರಶಿಕ್ಷಣಾರ್ಥಿಗಳಿಂದ, ಅವರ ಮಾತು ಕೇಳಿಕೊಂಡು ಮರುಬೋಧನೆಯೂ ನಿಮ್ಮದೇ. ಮೇಡಂ ಅವರೇ ಹಾಳೆ ನೋಡಿ ತಿದ್ದಿಕೊಂಡು ಮತ್ತೆ ನಿಂತರು ಅನ್ನುವುದನ್ನು ಅವರು ಕಣ್ಣಾರೆ ನೋಡಲಿ. ಅಲ್ಲಿಂದ ಆರು ದಿನ ಮೂರು ಕೌಶಲ. ಉಳಿದ ಮೂರು ದಿನ ಕೌಶಲ ಜೋಡಿಸುವ ಪಾಠಕ್ಕೆ.

ಮೂರೇನಾ ಅಂತ ನೀವು ಕೇಳಬಹುದು. ಪಾಸ್ಸಿಯವರ ಪಟ್ಟಿಯಲ್ಲಿ 13 ಕೌಶಲ ಇವೆ, ಸ್ಟ್ಯಾನ್‌ಫರ್ಡಿನ ಪಟ್ಟಿಯಲ್ಲಿ 14. ಎಲ್ಲವನ್ನೂ ಮುಟ್ಟಲು ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ. ನನ್ನ ಆಯ್ಕೆ ಇದು: ಆಳದ ಪ್ರಶ್ನೆ, ಉದಾಹರಣೆ ಕೊಟ್ಟು ವಿವರಿಸುವುದು, ಮಕ್ಕಳ ಉತ್ತರಕ್ಕೆ ಪ್ರತಿಕ್ರಿಯೆ. ಮೂರೂ ಮಗುವಿನ ಮಾತಿಗೆ ತಗುಲಿಕೊಂಡಿರುವಂಥವು, ಎದುರಿಗೆ ಜನ ಇಲ್ಲದೆ ಅಭ್ಯಾಸ ಮಾಡಲು ಆಗದಂಥವು. ನಿಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮ ಐದು ಕೇಳಿದರೆ ಉಳಿದೆರಡನ್ನು ಕೊನೆಯ ಮೂರು ದಿನದ ಜೋಡಣೆ ಪಾಠಗಳ ಒಳಗೆ ಸೇರಿಸಿ.

ವಿವರಣೆಯ ಪಾಠದಲ್ಲಿ ಎಣಿಸಲು ಎರಡೇ ಸಂಗತಿ ಕೊಡಿ. ‘ಯಾಕೆಂದರೆ, ಆದ್ದರಿಂದ, ಹಾಗಿದ್ದರೂ’ ಅಂತ ಒಂದು ಮಾತನ್ನು ಇನ್ನೊಂದಕ್ಕೆ ಕಟ್ಟುವ ಪದಗಳು ಎಷ್ಟು ಬಂದವು? ‘ಒಂಥರಾ, ಏನೋ ಒಂದು, ಅದೂ ಇದೂ’ ಅನ್ನುವ ಜಾರುವ ಪದಗಳು ಎಷ್ಟು? ಎರಡನೆಯದರ ಎಣಿಕೆ ನೋಡಿದ ಪ್ರಶಿಕ್ಷಣಾರ್ಥಿಗೆ ಬೇರೆ ಟೀಕೆ ಬೇಕಾಗುವುದಿಲ್ಲ.

ಕಪ್ಪುಹಲಗೆ ಬಳಸುವುದಕ್ಕೆ ಇಡೀ ಸುತ್ತು ಖರ್ಚು ಮಾಡುವುದು ದಂಡ ಅಂತ ನನ್ನ ಅಭಿಪ್ರಾಯ. ಕ್ಲಾಸು ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ಒಬ್ಬರೇ ನಿಂತು ಬರೆದು, ಕೊನೆಯ ಬೆಂಚಿಗೆ ಹೋಗಿ ಓದಿ ನೋಡಿದರೆ ಆಯಿತು. ಒಂದು ಮಾತು ಮಾತ್ರ ಹೇಳಿಕೊಡಿ. ಕನ್ನಡದಲ್ಲಿ ಬರೆಯುವಾಗ ಒತ್ತಕ್ಷರಕ್ಕೆ ಕೆಳಗೆ, ಗುಡಿಸು ಕೊಂಬುಗಳಿಗೆ ಮೇಲೆ ಪಕ್ಕ ಜಾಗ ಬೇಕು. ಇಂಗ್ಲಿಷಿನ ಅಳತೆಯಲ್ಲಿ ಸಾಲು ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಗುದ್ದುತ್ತದೆ.

ಪಾಠದ ವಿಷಯ ಆರಿಸುವಾಗಲೂ ನೀವು ಕೈಹಾಕಬೇಕು. ಬಿಟ್ಟರೆ ಎಲ್ಲರೂ ‘ಸಸ್ಯದ ಭಾಗಗಳು’ ತಗೊಂಡು ಬರುತ್ತಾರೆ, ಚಾರ್ಟ್ ಸಮೇತ. ಆರು ನಿಮಿಷಕ್ಕೆ ಒಂದು ಪರಿಕಲ್ಪನೆ ಸಾಕು, ಅದರಲ್ಲಿ ಮಕ್ಕಳು ಎಡವುವ ಒಂದು ಜಾಗ ಇರಲೇಬೇಕು. ಆರು ನಿಮಿಷದಲ್ಲಿ ನಾಲ್ಕು ನಿಮಿಷ ಪೀಠಿಕೆಗೆ ಹೋಗುವ ಪಾಠಗಳನ್ನು ಮೊದಲೇ ವಾಪಸು ಕಳಿಸಿ. ಮತ್ತೆ, ವಿಷಯವೇ ಗೊತ್ತಿಲ್ಲದವರಿಗೆ ಪ್ರಶ್ನೆಯ ಕೌಶಲ ಕಲಿಸಲಾಗುವುದಿಲ್ಲ. 2/4 ಅರ್ಧಕ್ಕೆ ಸಮ ಅಂತ ಹೊಳೆಯದವರು ಭಿನ್ನರಾಶಿಯಲ್ಲಿ ಮಗುವಿಗೆ ಯಾವ ಸುಳಿವು ಕೊಟ್ಟಾರು? ಅಂಥವರು ಕಂಡರೆ ಮೈಕ್ರೋಟೀಚಿಂಗ್ ಅಲ್ಲೇ ನಿಲ್ಲಿಸಿ, ಹಿರಿಯ ಪ್ರಾಥಮಿಕ ಶಾಲೆಯ ಪಠ್ಯಪುಸ್ತಕ ಕೈಗೆ ಕೊಡಿ. ಇದರಲ್ಲಿ ಅವಮಾನ ಏನೂ ಇಲ್ಲ.

ಕೌಶಲಗಳನ್ನು ತುಂಡು ತುಂಡಾಗಿ ಕಲಿಸಿದರೆ ಒಳ್ಳೆಯ ಶಿಕ್ಷಕರು ಆಗಿಬಿಡುತ್ತಾರಾ ಅನ್ನುವ ಆಕ್ಷೇಪ ಹಳೆಯದು. ಅದರಲ್ಲಿ ಹುರುಳೂ ಇದೆ. ಸಂಗೀತ ಕಲಿಯುವವರು ಕಷ್ಟದ ಒಂದು ಸಾಲನ್ನು ಬಿಡಿಸಿಕೊಂಡು ಹಾಡುತ್ತಾರೆ ನಿಜ, ಆದರೆ ಆಮೇಲೆ ಅದನ್ನು ಇಡೀ ಕೃತಿಯ ಒಳಗೆ ಕೂರಿಸಿ ಹಾಡಬೇಕು. ಆ ಕೂರಿಸುವ ಕೆಲಸವೇ ಜೋಡಣೆ ಪಾಠ. ಮೂರೂ ಕೌಶಲ ಬರುವ 12 ನಿಮಿಷದ ಪಾಠ ಮಾಡಿಸಿ, ಆದಷ್ಟು ಮಟ್ಟಿಗೆ ನಿಜವಾದ ಮಕ್ಕಳಿಗೆ. ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ ಒಂದು ಮಧ್ಯಾಹ್ನ 30 ಮಕ್ಕಳು ಸಿಕ್ಕರೂ ಆರು ಗುಂಪಿಗೆ ತಲಾ ಐದು ಮಕ್ಕಳಾದರು. ಎಲ್ಲರಿಗೂ ಅವಕಾಶ ಸಿಗದೆ ಹೋದರೂ ಪರವಾಗಿಲ್ಲ. ಒಬ್ಬರು ಪಾಠ ಮಾಡುವಾಗ ಉಳಿದವರು ಒಂದೊಂದು ಮಗುವಿನ ಮೇಲೆ ಕಣ್ಣಿಟ್ಟು ಕೂರಲಿ. ಈಗ ಎರಡು ವರ್ಷದ ಬಿ.ಎಡ್.ನಲ್ಲಿ ಶಾಲಾ ಅನುಭವಕ್ಕೇ ಒಟ್ಟು 20 ವಾರ ಇದೆ. ಅಲ್ಲಿಗೆ ಹೋದ ಮೇಲೂ ವಾರಕ್ಕೊಮ್ಮೆ ತಮ್ಮ ಒಂದು ಪಿರಿಯಡ್ಡಿನ ಆರು ನಿಮಿಷ ರೆಕಾರ್ಡ್ ಮಾಡಿ ಜೋಡಿಯವರ ಜೊತೆ ಕೇಳಲು ಹೇಳಿ. ದನಿ ಮಾತ್ರ ಸಾಕು, ಮಕ್ಕಳ ವಿಡಿಯೋ ಬೇಡ.

ಇನ್ನು ಅಂಕ. ಬೋಧನೆಗೆ ಅಂಕ ಇಟ್ಟರೆ ಯಾರೂ ಗೊತ್ತಿಲ್ಲದ್ದಕ್ಕೆ ಕೈಹಾಕುವುದಿಲ್ಲ, ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಹಾಗಾದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸಕ್ಕೆ ಅಂಕ ಕೊಡೋಣ ಅಂದರೆ, ಜಾಣರು ಮೊದಲ ಪಾಠವನ್ನು ಬೇಕಂತಲೇ ಕೆಡಿಸುತ್ತಾರೆ! ಆಂತರಿಕ ಅಂಕ ಕೊಡಲೇಬೇಕಾಗಿರುವುದರಿಂದ ಅದನ್ನು ಮರುಯೋಜನೆಯ ಬರಹಕ್ಕೆ ಕೊಡಿ. ಒಂದು ಕೌಶಲಕ್ಕೆ ಎರಡು ಪುಟ ಸಾಕು. ಎಡ ಪುಟದಲ್ಲಿ ಮೊದಲ ಯೋಜನೆ, ಅಲ್ಲೇ ಗೀಟು ಹಾಕಿದ ಹಾಳೆ ಅಂಟಿಸಿರಬೇಕು. ಬಲ ಪುಟದಲ್ಲಿ ಏನು ಬದಲಿಸಿದೆ, ಯಾಕೆ, ಮರುಬೋಧನೆಯಲ್ಲಿ ಮಗು ಏನು ಹೇಳಿತು. ಸುತ್ತು ಮುಗಿದ ಕೂಡಲೇ, ಅಲ್ಲೇ ಕೂತು ಬರೆಯಬೇಕು, ಮನೆಗೆ ತಗೊಂಡು ಹೋಗಿ ನಕಲು ಮಾಡುವಂತಿಲ್ಲ. ಚಿತ್ತು ಕಾಟು ಇದ್ದರೆ ಇರಲಿ. ಬಲ ಪುಟ ಎಡ ಪುಟದ ಹಾಗೇ ಇದ್ದರೆ ಸಹಿ ಹಾಕಬೇಡಿ, ಮತ್ತೊಂದು ಸಲ ಪಾಠಕ್ಕೆ ನಿಲ್ಲಿಸಿ.